ಕೃಚ್ಛ್ರಸಾಧ್ಯವೋ, ಯಾಪ್ಯವೋ? — ಔಷಧಕ್ಕೆ ಮಣಿಯದ ಅಪಸ್ಮಾರದ ಶಸ್ತ್ರಚಿಕಿತ್ಸೆಯೂ ವೈದ್ಯರ ಮನೋಭಾವವೂ

೧

ಕಿತ್ತೂರೆಂದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವುದು ೧೮೨೪ನೆಯ ವರ್ಷ. ರಾಣಿ ಚೆನ್ನಮ್ಮನ ಹೋರಾಟ, ಥ್ಯಾಕರೆಯ ಮರಣ, ಕೋಟೆಯ ಪತನ, ಇವುಗಳ ವಿಷಯವಾಗಿ ಸಾಕಷ್ಟು ಬರವಣಿಗೆ ನಡೆದಿದೆ. ಇನ್ನೂ ನಡೆಯಬೇಕಾದುದೂ ಇದೆ. ಆದರೆ ಒಂದು ಸೀಮೆಯ ಇತಿಹಾಸವು ಅದರ ಅರಸರೊಡನೆ ಮುಗಿಯುವುದಿಲ್ಲ. ಆ ಸೀಮೆಯ ಜನ ಕಾಯಿಲೆ ಬಿದ್ದಾಗ ಯಾವ ಊರಿಗೆ ಹೋದರು, ವೈದ್ಯರು ಅವರಿಗೆ ಏನು ಹೇಳಿದರು, ಏನನ್ನು ಹೇಳದೆ ಉಳಿದರು ಎಂಬುದೂ ಇತಿಹಾಸದ ವಿಷಯವೇ. ಈ ಬಗೆಯ ಸಂಗತಿಗಳಿಗೆ ಶಾಸನಗಳ ಆಧಾರವಿಲ್ಲ. ದಫ್ತರಗಳಲ್ಲಿಯೂ ಅವುಗಳ ಸುಳಿವು ಅಪರೂಪ. ಆದುದರಿಂದಲೇ ಅವು ಅಲಕ್ಷ್ಯಕ್ಕೆ ಒಳಗಾಗಿವೆ.

ಪ್ರಸ್ತುತ ಲೇಖನದಲ್ಲಿ ನಾವು ಇಂಥ ಒಂದೇ ಒಂದು ಪ್ರಶ್ನೆಯನ್ನು ವಿಚಾರಕ್ಕೆ ಎತ್ತಿಕೊಂಡಿದ್ದೇವೆ. ಮೂರ್ಛೆರೋಗ, ಮಲರೋಗ, ಅಪಸ್ಮಾರ ಎಂದು ನಾನಾ ಹೆಸರುಗಳುಳ್ಳ, ಇಂದು ಹಳ್ಳಿಯವರೂ ‘ಫಿಟ್ಸ್’ ಎಂದೇ ಕರೆಯುವ ರೋಗವು ಬಹುಮಂದಿಯಲ್ಲಿ ಗುಳಿಗೆಗಳಿಂದ ಹತೋಟಿಗೆ ಬರುತ್ತದೆ. ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳಲ್ಲಿ ಬರುವುದಿಲ್ಲ. ಹೀಗೆ ಔಷಧಕ್ಕೆ ಮಣಿಯದವರಲ್ಲಿ ಕೆಲವರಿಗೆ, ಮಿದುಳಿನಲ್ಲಿ ರೋಗ ಹುಟ್ಟುವ ಸ್ಥಳವನ್ನು ಗುರುತಿಸಿ ತೆಗೆದುಹಾಕಿದರೆ ಗುಣವಾಗುವ ಸಂಭವ ಬಹಳ. ಈ ಶಸ್ತ್ರಚಿಕಿತ್ಸೆಯು ಯುರೋಪಿನಲ್ಲಿ ೧೮೮೬ರಿಂದಲೂ ಭಾರತದಲ್ಲಿ ೧೯೫೨ರಿಂದಲೂ ನಡೆದುಬಂದಿದೆ. ಹೀಗಿದ್ದೂ ವೈದ್ಯರು ಅದನ್ನು ರೋಗಿಗೆ ಸೂಚಿಸಲು ಏಕೆ ಹಿಂಜರಿದರು? ಅವರ ಹಿಂಜರಿಕೆಗೆ ಕಾರಣಗಳಿದ್ದುವೇ? ಇದ್ದರೆ, ಆ ಕಾರಣಗಳು ಇಂದಿಗೂ ನಿಲ್ಲತಕ್ಕವುಗಳೇ?

ಪ್ರಶ್ನೆಯ ಪರಿಮಾಣವನ್ನು ಮೊದಲು ಮನಗಾಣುವುದು ಒಳ್ಳೆಯದು. ನಮ್ಮ ರಾಜ್ಯದ ಯಳಂದೂರು ಭಾಗದಲ್ಲಿ ನರವೈದ್ಯ ಕೆ. ಎಸ್. ಮಣಿ ಹಾಗೂ ಅವರ ಸಂಗಡಿಗರು ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ ೬೪,೯೬೩ ಜನರನ್ನು ವಿಚಾರಿಸಲಾಯಿತು, ಸಾವಿರಕ್ಕೆ ೪.೬೩ರಂತೆ ಅಪಸ್ಮಾರವುಳ್ಳವರು ಕಂಡುಬಂದರು. ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಪ್ರದೇಶಗಳಲ್ಲಿ ೧,೦೨,೫೫೭ ಜನರ ನಡುವೆ ನಡೆದ, ೨೦೦೪ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಂತೆ ಈ ಪ್ರಮಾಣವು ನಗರದಲ್ಲಿ ಸಾವಿರಕ್ಕೆ ೫.೭, ಹಳ್ಳಿಗಳಲ್ಲಿ ೧೧.೯. ಇವೆರಡರಲ್ಲಿ ಕಡಿಮೆಯ ಲೆಕ್ಕವನ್ನೇ ಹಿಡಿದರೂ ಐದು ಸಾವಿರ ಜನವಸತಿಯ ಒಂದು ಊರಿನಲ್ಲಿ ಇಪ್ಪತ್ತಮೂರು ಮಂದಿ ಈ ರೋಗದವರಿರಬೇಕು. ಸಾವಿರ ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ನಾಲ್ಕೈದು ಮಂದಿ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಹಳ್ಳಿಗಳನ್ನೆಲ್ಲ ಕೂಡಿಸಿದರೆ ಈ ಸಂಖ್ಯೆ ಸಾವಿರಗಳನ್ನು ಮುಟ್ಟುತ್ತದೆ. ಅವರಲ್ಲಿ ಮೂರನೆಯ ಒಂದು ಪಾಲು ವರ್ಷಗಟ್ಟಲೆ ಗುಳಿಗೆ ನುಂಗುತ್ತಲೂ ಬೀಳುತ್ತಲೂ ಇರುವವರು. ಈ ಲೇಖನವು ಅವರಿಗೆ ಸಂಬಂಧಿಸಿದುದು.

೨

ವೈದ್ಯರ ಮನೋಭಾವವನ್ನು ಅಳೆಯಲು ನಮಗೊಂದು ಅಳತೆಗೋಲು ಬೇಕು. ಅದನ್ನು ನಮ್ಮ ಪ್ರಾಚೀನ ವೈದ್ಯಶಾಸ್ತ್ರದಿಂದಲೇ ಎತ್ತಿಕೊಳ್ಳಬಹುದು. ಚರಕಸಂಹಿತೆಯ ಸೂತ್ರಸ್ಥಾನವು ರೋಗಗಳನ್ನು ಅವುಗಳ ಹಣೆಬರಹದಂತೆ ನಾಲ್ಕಾಗಿ ವಿಂಗಡಿಸುತ್ತದೆ. ಸುಲಭವಾಗಿ ಗುಣವಾಗುವುದು ಸುಖಸಾಧ್ಯ. ಕಷ್ಟಪಟ್ಟು ಗುಣಪಡಿಸಬಹುದಾದುದು ಕೃಚ್ಛ್ರಸಾಧ್ಯ. ಗುಣವಾಗದೆ, ಚಿಕಿತ್ಸೆ ನಡೆಯುತ್ತಿರುವಷ್ಟು ಕಾಲ ತಡೆದು ನಿಲ್ಲಬಲ್ಲುದು ಯಾಪ್ಯ. ಯಾವ ಉಪಾಯಕ್ಕೂ ಬಗ್ಗದುದು ಅಸಾಧ್ಯ. ಶಸ್ತ್ರ, ಕ್ಷಾರ, ಅಗ್ನಿಕರ್ಮಗಳನ್ನು ಬೇಡುವ ರೋಗಗಳನ್ನು ಚರಕನು ಕೃಚ್ಛ್ರಸಾಧ್ಯದ ಸಾಲಿನಲ್ಲಿ ಎಣಿಸಿರುವುದು ಗಮನಾರ್ಹ. ಅಂದರೆ ಶಸ್ತ್ರವು ಕಷ್ಟದ ದಾರಿಯಾದರೂ ಸಾಧ್ಯದ ದಾರಿಯೇ.

ಅಪಸ್ಮಾರಕ್ಕೆ ಚರಕನು ನಿದಾನಸ್ಥಾನದ ಎಂಟನೆಯ ಅಧ್ಯಾಯವನ್ನೂ ಚಿಕಿತ್ಸಾಸ್ಥಾನದ ಹತ್ತನೆಯ ಅಧ್ಯಾಯವನ್ನೂ ಮೀಸಲಿಟ್ಟಿದ್ದಾನೆ. ವಾತ, ಪಿತ್ತ, ಕಫಗಳಿಂದ ಹುಟ್ಟುವವು ಮೂರು, ಮೂರು ದೋಷಗಳೂ ಕೂಡಿದುದು ಒಂದು, ಹೀಗೆ ನಾಲ್ಕು ಬಗೆ. ಕೊನೆಯದು ಅಸಾಧ್ಯ, ಅದರಂತೆ ಕ್ಷೀಣನಾದವನಲ್ಲಿ ಕಾಣಿಸಿಕೊಂಡುದೂ ಬಹುಕಾಲದಿಂದ ಬೇರೂರಿದುದೂ ಅಸಾಧ್ಯವೇ ಎಂದು ಆತನ ಮತ. ಪ್ರಾಚೀನರು ಮಿದುಳಿನ ಶಸ್ತ್ರಕ್ರಿಯೆಯನ್ನು ಬಲ್ಲವರಾಗಿದ್ದರೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಚರಕನು ಅಪಸ್ಮಾರಕ್ಕೆ ಅಂಥ ಕರ್ಮವನ್ನು ವಿಧಿಸಿಲ್ಲ. ನಮಗೆ ಬೇಕಾದುವು ಆತನ ಎರಡು ವಿವೇಕಗಳು ಮಾತ್ರ: ಚಿಕಿತ್ಸೆಗೆ ಮುನ್ನ ರೋಗವು ಯಾವ ವರ್ಗದ್ದೆಂದು ವೈದ್ಯನು ನಿರ್ಣಯಿಸಬೇಕೆಂಬುದು ಒಂದು, ಕಾಲ ಕಳೆದಂತೆ ವರ್ಗವೇ ಬದಲಾಗಬಹುದೆಂಬುದು ಇನ್ನೊಂದು. ಆಧುನಿಕ ವೈದ್ಯರು ಕೃಚ್ಛ್ರಸಾಧ್ಯವಾದ ಒಂದು ರೋಗವನ್ನು ತಮಗರಿವಿಲ್ಲದೆ ಯಾಪ್ಯದ ಸಾಲಿಗೆ ಸೇರಿಸಿದರು, ಹಾಗೆ ಸೇರಿಸಿದ್ದರಿಂದ ಎಷ್ಟೋ ಜನರಲ್ಲಿ ಅದು ಅಸಾಧ್ಯವೇ ಆಯಿತು ಎಂಬುದು ಈ ಲೇಖನದ ಪ್ರತಿಪಾದನೆ.

ಜನಸಾಮಾನ್ಯರ ದೃಷ್ಟಿ ಬೇರೆಯಾಗಿತ್ತು. ಮೂರ್ಛೆ ಬಂದವನ ಕೈಯಲ್ಲಿ ಕಬ್ಬಿಣದ ಕೀಲಿಕೈ ಹಿಡಿಸುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ದೇವರ ಗುಡಿಗೆ ಒಯ್ಯುವುದು ಇವು ಇಂದಿಗೂ ಅಳಿದಿಲ್ಲ. ಸರಕಾರದ ದೃಷ್ಟಿಯಲ್ಲಿ ಈ ರೋಗವು ಹುಚ್ಚಿನ ನೆರೆಯದಾಗಿತ್ತು. ಧಾರವಾಡದಲ್ಲಿ ೧೮೪೫ರಲ್ಲಿ ಸ್ಥಾಪಿತವಾದ, ಇಂದು ಡಿಮ್ಹಾನ್ಸ್ ಎಂಬ ಹೆಸರಿನಿಂದ ನಡೆಯುತ್ತಿರುವ ಮಾನಸಿಕ ಆಸ್ಪತ್ರೆಯೇ ಕಿತ್ತೂರು ಸೀಮೆಗೆ ಅತಿ ಸಮೀಪದ್ದು. ಅಪಸ್ಮಾರವುಳ್ಳವರನ್ನೂ ಇಂಥ ಆಸ್ಪತ್ರೆಗಳಲ್ಲಿ ಇರಿಸುವುದು ಬ್ರಿಟಿಷರ ಕಾಲದ ವಾಡಿಕೆ. ಸ್ವಾತಂತ್ರ್ಯಾನಂತರವೂ ಈ ದೃಷ್ಟಿ ಮಾಯವಾಗಲಿಲ್ಲ. ಹಿಂದೂ ವಿವಾಹ ಕಾನೂನಿಗೆ ೧೯೭೬ರಲ್ಲಿ ಆದ ತಿದ್ದುಪಡಿಯು ಪದೇಪದೇ ಬರುವ ಹುಚ್ಚಿನ ಜೊತೆಗೆ ಅಪಸ್ಮಾರವನ್ನೂ ಹೆಸರಿಸಿ ವಿವಾಹಕ್ಕೆ ಅಡ್ಡಿಯೆಂದು ಸಾರಿತು. ೧೯೯೯ರಲ್ಲಿ ಆ ಪದವನ್ನು ತೆಗೆದುಹಾಕಲಾಯಿತು. ಕಾನೂನೇ ಹೀಗೆ ನುಡಿಯುತ್ತಿದ್ದಾಗ ಹೆಣ್ಣುಮಕ್ಕಳುಳ್ಳ ಮನೆಗಳು ರೋಗವನ್ನು ಮುಚ್ಚಿಟ್ಟುದರಲ್ಲಿ ಆಶ್ಚರ್ಯವಿಲ್ಲ. ಗುಳಿಗೆಯನ್ನು ಮುಚ್ಚಿಟ್ಟು ನುಂಗಬಹುದು. ತಲೆಯ ಶಸ್ತ್ರಕ್ರಿಯೆಯನ್ನು ಮುಚ್ಚಿಡಲಾಗದು. ಅದಕ್ಕಾಗಿ ಕೂದಲು ಬೋಳಿಸಬೇಕಾದಾಗ, ಹೆಂಗಸಿನ ಬೋಳುತಲೆಗೆ ನಮ್ಮ ಸಮಾಜವು ಕೊಟ್ಟ ಅರ್ಥವು ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

೩

ಇನ್ನು ಶಸ್ತ್ರಚಿಕಿತ್ಸೆಯ ಉಗಮವನ್ನು ನೋಡೋಣ. ಲಂಡನ್ನಿನಲ್ಲಿ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ವೈದ್ಯನು ಸೆಳವು ಯಾವ ಅಂಗದಿಂದ ಆರಂಭವಾಗಿ ಹೇಗೆ ಹಬ್ಬುತ್ತದೆ ಎಂಬುದನ್ನು ಬಲು ಜಾಗರೂಕತೆಯಿಂದ ಗಮನಿಸಿ, ಮಿದುಳಿನಲ್ಲಿ ಅದರ ಮೂಲಸ್ಥಾನವನ್ನು ಊಹಿಸಬಹುದೆಂದು ತೋರಿಸಿಕೊಟ್ಟನು. ಈ ತತ್ತ್ವವನ್ನಾಧರಿಸಿ ವಿಕ್ಟರ್ ಹಾರ್ಸ್ಲಿಯು ೧೮೮೬ರ ಮೇ ೨೫ರಂದು, ಏಳನೆಯ ವಯಸ್ಸಿನಲ್ಲಿ ತಲೆಗೆ ಪೆಟ್ಟು ಬಿದ್ದು ಸೆಳವುಗಳಿಂದ ನರಳುತ್ತಿದ್ದ ಇಪ್ಪತ್ತೆರಡರ ಸ್ಕಾಟಿಷ್ ಯುವಕನ ಮಿದುಳಿನಿಂದ ಗಾಯದ ಕಲೆಯನ್ನು ತೆಗೆದನು. ಆ ಹೊತ್ತಿಗೆ ಈ ರೋಗಕ್ಕೆ ೧೮೫೭ರಿಂದ ಬಳಕೆಗೆ ಬಂದ ಬ್ರೋಮೈಡಿನ ಹೊರತು ಬೇರೆ ಮದ್ದು ಇರಲಿಲ್ಲವೆಂದೇ ಹೇಳಬೇಕು. ಫೀನೋಬಾರ್ಬಿಟೋನ್ ಬಂದದ್ದು ೧೯೧೨ರಲ್ಲಿ, ಫೆನಿಟಾಯಿನ್ ೧೯೩೮ರಲ್ಲಿ. ಹೀಗೆ ಈ ಎರಡು ಪ್ರಸಿದ್ಧ ಗುಳಿಗೆಗಳಿಗಿಂತ ಶಸ್ತ್ರವೇ ಹಿರಿಯದು. ಶಸ್ತ್ರಕ್ರಿಯೆಯನ್ನು ಇನ್ನೂ ಪರೀಕ್ಷೆಯ ಹಂತದಲ್ಲಿರುವ ಹೊಸತೆಂದು ಭಾವಿಸುವ ರೂಢಿಯಿರುವುದರಿಂದ ಈ ಕಾಲಾನುಕ್ರಮವನ್ನು ಒತ್ತಿ ಹೇಳಬೇಕಾಗಿದೆ.

ಈ ಪರಂಪರೆ ಜರ್ಮನಿಯ ಫೊರ್ಸ್ಟರನಲ್ಲಿ ಮುಂದುವರಿದು, ೧೯೨೮ರಲ್ಲಿ ಅವನಲ್ಲಿ ಕಲಿತ ವೈಲ್ಡರ್ ಪೆನ್‌ಫೀಲ್ಡನ ಮೂಲಕ ಕೆನಡ ದೇಶದ ಮಾಂಟ್ರಿಯಲ್ಲಿಗೆ ಹೋಯಿತು. ಅಲ್ಲಿ ೧೯೩೪ರಲ್ಲಿ ತೆರೆದ ನರವಿಜ್ಞಾನ ಸಂಸ್ಥೆಯಲ್ಲಿ ರೋಗಿಯು ಎಚ್ಚರವಾಗಿಯೇ ಇರುವಾಗ ಮಿದುಳಿನ ಮೇಲ್ಮೈಯನ್ನು ವಿದ್ಯುತ್ತಿನಿಂದ ಸೋಕಿಸಿ, ಮಾತಿನ ಕೇಂದ್ರ ಎಲ್ಲಿ, ಕೈಕಾಲಿನ ಕೇಂದ್ರ ಎಲ್ಲಿ, ಸೆಳವಿನ ಮೂಲ ಎಲ್ಲಿ ಎಂದು ಗುರುತಿಸಿ ಶಸ್ತ್ರಕ್ರಿಯೆ ಮಾಡುವ ಪದ್ಧತಿ ಬೆಳೆಯಿತು. ಹಾನ್ಸ್ ಬರ್ಗರನು ೧೯೨೯ರಲ್ಲಿ ಪ್ರಕಟಿಸಿದ ಮಿದುಳಿನ ವಿದ್ಯುಲ್ಲೇಖನ, ಎಂದರೆ ಇಂದು ಎಲ್ಲರೂ ಇ.ಇ.ಜಿ. ಎನ್ನುವ ಪರೀಕ್ಷೆ, ಇದಕ್ಕೆ ನೆರವಾಯಿತು.

ಪೆನ್‌ಫೀಲ್ಡನ ಶಿಷ್ಯರಲ್ಲಿ ಕೇರಳದ ಜೇಕಬ್ ಚಾಂಡಿ ಒಬ್ಬರು. ಅವರು ೧೯೪೯ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದು ಭಾರತದ ಮೊದಲ ನರವಿಜ್ಞಾನ ವಿಭಾಗವನ್ನು ಸ್ಥಾಪಿಸಿದರು. ೧೯೫೨ರಲ್ಲಿ, ಎಳವೆಯಲ್ಲಿಯೇ ಬಲಪಕ್ಕ ಸೋತು ಔಷಧಕ್ಕೆ ಮಣಿಯದ ಸೆಳವುಗಳಿಂದ ಪೀಡಿತನಾದ ಹತ್ತೊಂಬತ್ತರ ಯುವಕನಿಗೆ ಅವರು ಮಾಡಿದ ಶಸ್ತ್ರಕ್ರಿಯೆಯು ಈ ದೇಶದಲ್ಲಿ ಅಪಸ್ಮಾರಕ್ಕಾಗಿ ನಡೆದ ಮೊದಲನೆಯದೆಂದು ಪರಿಗಣಿತವಾಗಿದೆ. ಮದರಾಸಿನಲ್ಲಿ ಬಿ. ರಾಮಮೂರ್ತಿಯವರು ೧೯೫೦ರಿಂದಲೂ ಬೆಂಗಳೂರಿನಲ್ಲಿ ಆರ್. ಎಂ. ವರ್ಮಾ ಅವರು ೧೯೫೮ರಿಂದಲೂ ನರಶಸ್ತ್ರವೈದ್ಯವನ್ನು ಕಟ್ಟಿ ಬೆಳೆಸಿದರು.

ಈ ಸಂಗತಿಗಳು ನಡೆಯುತ್ತಿದ್ದಾಗ ಕಿತ್ತೂರು ಎಲ್ಲಿತ್ತು? ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದು ಮುಂಬೈ ಪ್ರಾಂತಕ್ಕೆ ಸೇರಿತ್ತು. ಕಠಿನ ರೋಗಗಳಿಗೆ ಈ ಭಾಗದ ಜನ ನೋಡುತ್ತಿದ್ದುದು ಉತ್ತರದ ಕಡೆಗೆ: ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ವಿಲಿಯಮ್ ವಾನ್ಲೆಸ್ ಆರಂಭಿಸಿದ ಮಿರಜಿನ ಮಿಷನ್ ಆಸ್ಪತ್ರೆ, ಪುಣೆ, ಮುಂಬೈ. ಪುನರ್ವಿಂಗಡಣೆಯ ತರುವಾಯ ಮುಖ ದಕ್ಷಿಣಕ್ಕೆ ತಿರುಗಿತು. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ, ಬೆಳಗಾವಿಯಲ್ಲಿ ೧೯೬೩ರಲ್ಲಿ ವೈದ್ಯಕೀಯ ಕಾಲೇಜುಗಳು ಹುಟ್ಟಿ ವೈದ್ಯವು ಮನೆಯ ಬಾಗಿಲಿಗೆ ಬಂದಂತಾಯಿತು. ಆದರೆ ಅಪಸ್ಮಾರದ ಶಸ್ತ್ರಚಿಕಿತ್ಸೆಯ ಮಟ್ಟಿಗೆ ದಾರಿ ಉದ್ದವಾಗಿಯೇ ಉಳಿಯಿತು. ಬೆಂಗಳೂರು ನಾನೂರೈವತ್ತು ಕಿಲೋಮೀಟರಿಗೂ ದೂರ; ವೆಲ್ಲೂರು ಅದಕ್ಕೂ ಆಚೆ. ದೂರವು ನೆಲದ ಮೇಲಷ್ಟೇ ಇರಲಿಲ್ಲ, ವೈದ್ಯರ ಮನಸ್ಸಿನಲ್ಲಿಯೂ ಇತ್ತೆಂಬುದನ್ನು ಮುಂದೆ ಕಾಣಲಿದ್ದೇವೆ.

೪

ವೈದ್ಯರ ಹಿಂಜರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಇತಿಹಾಸಕ್ಕೆ ಮಾಡುವ ಅನ್ಯಾಯ. ಅದಕ್ಕೆ ಮೂರು ಪ್ರಬಲ ಕಾರಣಗಳಿದ್ದುವು.

ಮೊದಲನೆಯದು ಭಯ. ಮಿದುಳಿನ ಶಸ್ತ್ರಕ್ರಿಯೆಯು ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ಕೆಟ್ಟ ಹೆಸರಿನ ನೆರಳಿಗೆ ಸಿಕ್ಕಿತು. ಮನೋರೋಗಿಗಳ ಮಿದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಲ್ಯೂಕಾಟಮಿ ಎಂಬ ಕ್ರಿಯೆಯನ್ನು ಪೋರ್ಚುಗಲ್ಲಿನ ಈಗಾಸ್ ಮೋನಿಜ಼್ ೧೯೩೫ರಲ್ಲಿ ಆರಂಭಿಸಿದನು. ಅದು ಕನ್ನಡ ನಾಡಿಗೂ ಬೇಗನೆ ಬಂತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಎಂ. ವಿ. ಗೋವಿಂದಸ್ವಾಮಿಯವರೂ ಶಸ್ತ್ರವೈದ್ಯ ಬಿ. ಎನ್. ಬಾಲಕೃಷ್ಣರಾಯರೂ ಭಾರತೀಯ ರೋಗಿಗಳಲ್ಲಿ ಈ ಕ್ರಿಯೆಯ ಅನುಭವವನ್ನು ೧೯೪೪ರಲ್ಲಿಯೇ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಮೋನಿಜ಼್‌ನಿಗೆ ೧೯೪೯ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ಆದರೆ ಮನೋರೋಗಕ್ಕೆ ಒಳ್ಳೆಯ ಔಷಧಗಳು ಬಂದೊಡನೆ ಈ ಕ್ರಿಯೆ ಹಿಂದೆ ಸರಿದು, ರೋಗಿಗಳ ವ್ಯಕ್ತಿತ್ವವನ್ನೇ ಕುಗ್ಗಿಸಿದುದೆಂಬ ಅಪಕೀರ್ತಿಗೆ ಗುರಿಯಾಯಿತು. ಮದರಾಸಿನಲ್ಲಿ ೧೯೬೦ರ ದಶಕದಿಂದ ಬಾಲಸುಬ್ರಹ್ಮಣ್ಯಂ, ರಾಮಮೂರ್ತಿ ಮೊದಲಾದವರು ಮಿದುಳಿನ ಆಳದ ಒಂದು ಸಣ್ಣ ಭಾಗವನ್ನು ನಾಶಪಡಿಸುವ ಕ್ರಿಯೆಯನ್ನು ಅಪಸ್ಮಾರಕ್ಕಲ್ಲದೆ ಉದ್ರಿಕ್ತ ನಡವಳಿಕೆಗೂ ಉಪಯೋಗಿಸಿದರು. ಈ ಮಿಶ್ರಣದಿಂದ ಅಪಸ್ಮಾರದ ಶಸ್ತ್ರಕ್ರಿಯೆಯೂ ಮನಸ್ಸನ್ನು ಕತ್ತರಿಸುವ ಕ್ರಿಯೆಯೂ ಒಂದೇ ಎಂಬ ಭಾವನೆಗೆ ಅವಕಾಶವಾಯಿತು.

ಅಪಸ್ಮಾರದ ಶಸ್ತ್ರಕ್ರಿಯೆಯ ಒಡಲಿನಲ್ಲಿಯೇ ಆದ ಅನಾಹುತವೂ ಉಂಟು. ೧೯೫೩ರಲ್ಲಿ ಅಮೆರಿಕದ ವಿಲಿಯಮ್ ಸ್ಕೋವಿಲ್ ಎಂಬ ಶಸ್ತ್ರವೈದ್ಯನು ಹೆನ್ರಿ ಮೊಲೈಸನ್ ಎಂಬ ಯುವಕನ ಮಿದುಳಿನ ಎರಡೂ ಪಕ್ಕಗಳಿಂದ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ತೆಗೆದನು. ಸೆಳವುಗಳೇನೋ ಕಡಿಮೆಯಾದುವು, ಆದರೆ ಆತನು ಹೊಸ ನೆನಪುಗಳನ್ನು ಕೂಡಿಡುವ ಶಕ್ತಿಯನ್ನೇ ಕಳೆದುಕೊಂಡು ೨೦೦೮ರಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ ಬಾಳಿದನು. ವೆಲ್ಲೂರಿನ ಮೊದಲ ಶಸ್ತ್ರಕ್ರಿಯೆಯಂತೆ ಮಿದುಳಿನ ಒಂದು ಅರ್ಧಗೋಲವನ್ನು ತೆಗೆಯುವ ಕ್ರಿಯೆಗೂ ವರ್ಷಗಳ ಬಳಿಕ ತಲೆದೋರುವ ತೊಡಕುಗಳಿರುವುದು ೧೯೬೦ರ ದಶಕದಲ್ಲಿ ಗೊತ್ತಾಗಿ, ಅದರ ಬಳಕೆ ಕುಗ್ಗಿತು. ಇಂಥ ಸಂಗತಿಗಳನ್ನು ಪಾಠಪುಸ್ತಕಗಳಲ್ಲಿ ಓದಿ ಬೆಳೆದ ವೈದ್ಯನು ಶಸ್ತ್ರಕ್ಕೆ ಹೆದರಿದರೆ ತಪ್ಪೆನ್ನಲಾಗದು. ಆದರೆ ಕಥೆಯ ಉತ್ತರಾರ್ಧವನ್ನೂ ಅವನು ಓದಬೇಕಾಗಿತ್ತು. ಮೊಲೈಸನ್ನನ ದುರಂತದ ಅನಂತರ ಎರಡೂ ಪಕ್ಕ ತೆಗೆಯುವುದು ನಿಂತಿತು. ಶಸ್ತ್ರಕ್ರಿಯೆಗೆ ಮುನ್ನ ನೆನಪಿನ ಶಕ್ತಿಯನ್ನು ಪರೀಕ್ಷಿಸುವುದು ನಿಯಮವಾಯಿತು. ಅರ್ಧಗೋಲವನ್ನು ಪೂರ್ತಿ ತೆಗೆಯದೆ ಅದರ ಸಂಪರ್ಕಗಳನ್ನು ಮಾತ್ರ ಕಡಿಯುವ ಸುಧಾರಿತ ವಿಧಾನ ೧೯೭೦ರ ದಶಕದಲ್ಲಿ ಬಂತು. ಶಸ್ತ್ರವೈದ್ಯವು ತನ್ನ ದೋಷಗಳಿಂದ ಪಾಠ ಕಲಿಯಿತು. ಅದನ್ನು ಹೊರಗಿನಿಂದ ನೋಡುತ್ತಿದ್ದ ವೈದ್ಯರಲ್ಲಿ ದೋಷದ ನೆನಪು ಉಳಿಯಿತು, ಪಾಠದ ಸುದ್ದಿ ಮುಟ್ಟಲಿಲ್ಲ.

ಎರಡನೆಯ ಕಾರಣ, ಮುಂದಿನ ಗುಳಿಗೆಯ ಮೇಲಣ ಭರವಸೆ. ೧೯೬೦ರ ದಶಕದಿಂದ ಕಾರ್ಬಮಜ಼ೆಪೀನ್, ವ್ಯಾಲ್ಪ್ರೊಯೇಟ್‌ಗಳೂ ೧೯೯೦ರ ಬಳಿಕ ಇನ್ನೂ ಅನೇಕ ಔಷಧಗಳೂ ಬಳಕೆಗೆ ಬಂದುವು. ಒಂದು ಫಲಿಸದಿದ್ದರೆ ಮತ್ತೊಂದು, ಅದೂ ಫಲಿಸದಿದ್ದರೆ ಎರಡನ್ನೂ ಕೂಡಿಸಿ, ಹೀಗೆ ಪ್ರಯತ್ನಕ್ಕೆ ಕೊನೆಯಿಲ್ಲದಂತಾಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಿಂದ ೨೦೦೦ದಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಭರವಸೆಯ ಮಿತಿಯನ್ನು ತೋರಿಸಿತು. ಹಿಂದೆ ಔಷಧ ಸೇವಿಸದಿದ್ದ ೪೭೦ ರೋಗಿಗಳಲ್ಲಿ ೪೭ ಪ್ರತಿಶತ ಮಂದಿ ಮೊದಲ ಔಷಧದಿಂದಲೇ ಸೆಳವಿನಿಂದ ಮುಕ್ತರಾದರು. ಎರಡನೆಯ ಅಥವಾ ಮೂರನೆಯ ಔಷಧದಿಂದ ಮುಕ್ತರಾದವರು ೧೪ ಪ್ರತಿಶತ ಮಾತ್ರ. ಎರಡು ಗುಳಿಗೆಗಳು ಸೋತ ಬಳಿಕ ಮುಂದಿನದು ಗೆಲ್ಲುವ ಸಂಭವ ಅತ್ಯಲ್ಪವೆಂದು ಇದರಿಂದ ವಿದಿತವಾಗುತ್ತದೆ. ಸರಿಯಾಗಿ ಆಯ್ದು, ಸರಿಯಾದ ಪ್ರಮಾಣದಲ್ಲಿ ಕೊಟ್ಟ ಎರಡು ಔಷಧಗಳು ವಿಫಲವಾದರೆ ಅದನ್ನು ಔಷಧಕ್ಕೆ ಮಣಿಯದ ಅಪಸ್ಮಾರವೆಂದು ತಿಳಿಯಬೇಕೆಂದು ಅಂತರರಾಷ್ಟ್ರೀಯ ಅಪಸ್ಮಾರ ಸಂಘವು ೨೦೧೦ರಲ್ಲಿ ಲಕ್ಷಣ ಹೇಳಿತು. ಈ ಲಕ್ಷಣವಿಲ್ಲದಿದ್ದ ಕಾಲದಲ್ಲಿ ‘ಇನ್ನು ಸಾಕು’ ಎನ್ನುವ ಗಡಿಯೇ ವೈದ್ಯನಿಗಿರಲಿಲ್ಲ.

ಮೂರನೆಯದು ಸಂಘಟನೆಯ ಕೊರತೆ. ಈ ಶಸ್ತ್ರಕ್ರಿಯೆ ಒಬ್ಬ ಶಸ್ತ್ರವೈದ್ಯನ ಕೈಚಳಕದ ಕೆಲಸವಲ್ಲ. ನರವೈದ್ಯ, ವಿದ್ಯುಲ್ಲೇಖನವನ್ನು ಓದಬಲ್ಲವನು, ಚಿತ್ರಗಳನ್ನು ಬಲ್ಲವನು, ನೆನಪು ಹಾಗೂ ಮಾತನ್ನು ಅಳೆಯುವ ಮನಶ್ಶಾಸ್ತ್ರಜ್ಞ, ಇವರೆಲ್ಲ ಕೂಡಿ ಒಂದೇ ನಿರ್ಣಯಕ್ಕೆ ಬರಬೇಕು. ಎಂ.ಆರ್.ಐ. ಯಂತ್ರವು ಬರುವ ಮುನ್ನ ಮಿದುಳಿನೊಳಗಿನ ಸಣ್ಣ ಕಲೆಯನ್ನು ಹೊರಗಿನಿಂದ ಕಾಣುವುದೇ ಸಾಧ್ಯವಿರಲಿಲ್ಲ. ಈ ಕಾರಣದಿಂದ ೧೯೫೦ರ ದಶಕದಲ್ಲಿ ಅಷ್ಟು ಧೈರ್ಯದಿಂದ ಆರಂಭವಾದ ಕಾರ್ಯವು ಕೆಲವೇ ಊರುಗಳಲ್ಲಿ ಸಣ್ಣದಾಗಿ ಹರಿಯುತ್ತ ಉಳಿಯಿತು. ಎಲ್ಲ ಅಂಗಗಳನ್ನೂ ಒಳಗೊಂಡ ವ್ಯವಸ್ಥಿತ ಯೋಜನೆಯು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಕೆ. ರಾಧಾಕೃಷ್ಣನ್ ಅವರ ನೇತೃತ್ವದಲ್ಲಿ ಆರಂಭವಾದದ್ದು ೧೯೯೫ರಲ್ಲಿ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿಯೂ ಈ ಕಾರ್ಯ ಬೆಳೆದಿದೆ.

೫

ಇಲ್ಲಿ ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಯಳಂದೂರಿನ ಕಾರ್ಯದ ಹಿಂದೆ ಒಂದು ಸ್ಪಷ್ಟವಾದ ಧ್ಯೇಯವಿತ್ತು. ಭಾರತದ ಹಳ್ಳಿಗಳಲ್ಲಿ ಅಪಸ್ಮಾರವುಳ್ಳ ಅಸಂಖ್ಯ ಜನರಿಗೆ ಯಾವ ಔಷಧವೂ ಮುಟ್ಟಿರಲಿಲ್ಲ. ಫೀನೋಬಾರ್ಬಿಟೋನ್, ಫೆನಿಟಾಯಿನ್‌ಗಳಂಥ ಅಗ್ಗದ ಗುಳಿಗೆಗಳನ್ನೇ ಕ್ರಮವಾಗಿ ಕೊಟ್ಟು, ರೋಗಿಗಳ ಬೆನ್ನುಬಿಡದೆ ನೋಡಿಕೊಂಡರೆ ಬಹುಮಂದಿ ಗುಣಮುಖರಾಗುವರೆಂದು ಮಣಿಯವರ ತಂಡವು ತೋರಿಸಿಕೊಟ್ಟಿತು. ೨೦೦೧ರಲ್ಲಿ ‘ಲ್ಯಾನ್ಸೆಟ್’ ಆ ಫಲಿತಾಂಶವನ್ನು ಪ್ರಕಟಿಸಿತು. ನೂರು ಜನರಿಗೆ ಗುಳಿಗೆಯೇ ಇಲ್ಲದಿರುವಲ್ಲಿ ಒಬ್ಬನ ಶಸ್ತ್ರಕ್ರಿಯೆಗೆ ಹಣ ಮತ್ತು ಶ್ರಮ ವ್ಯಯಿಸಬೇಕೇ ಎಂದು ಕೇಳುವ ವೈದ್ಯನು ಕಟುಕನಲ್ಲ. ಅವನ ಪ್ರಶ್ನೆಯಲ್ಲಿ ಧರ್ಮವಿದೆ. ನಮ್ಮ ರಾಜ್ಯದಲ್ಲಿ ಅಪಸ್ಮಾರದ ವಿಷಯವಾಗಿ ನಡೆದ ಶ್ರೇಷ್ಠ ಕಾರ್ಯಗಳಲ್ಲಿ ಯಳಂದೂರಿನದು ಒಂದೆಂದು ನಾವು ಎಣಿಸುತ್ತೇವೆ.

ಆದರೂ ಈ ಸತ್ಯಕ್ಕೆ ಒಂದು ನೆರಳಿದೆ. ‘ಬಹುಮಂದಿಗೆ ಗುಳಿಗೆ ಸಾಕು’ ಎಂಬ ಮಾತು ಊರಿಂದೂರಿಗೆ ಸಾಗುವಾಗ ‘ಎಲ್ಲರಿಗೂ ಗುಳಿಗೆಯೇ’ ಎಂದಾಗಿಬಿಡುವುದು ಸಹಜ. ಗುಳಿಗೆ ಸಾಕಾಗದ ಅಲ್ಪಸಂಖ್ಯಾತರು ಆಗ ಲೆಕ್ಕದಿಂದಲೇ ಜಾರಿಹೋಗುತ್ತಾರೆ. ಅವರಲ್ಲಿ ಗುಣ ಕಾಣದಿದ್ದುದಕ್ಕೆ ವೈದ್ಯನು ರೋಗಿಯನ್ನೇ ಗುರಿಮಾಡುತ್ತಾನೆ: ಗುಳಿಗೆ ತಪ್ಪಿಸಿರಬೇಕು, ನಿದ್ದೆಗೆಟ್ಟಿರಬೇಕು, ಉಪವಾಸವಿದ್ದಿರಬೇಕು. ಕೆಲವೊಮ್ಮೆ ಅದು ನಿಜವೂ ಹೌದು. ನಿಜವಲ್ಲದಿರುವಾಗ ಮಾತ್ರ ರೋಗಿಯು ಎರಡು ಸಲ ಬೀಳುತ್ತಾನೆ. ರೋಗದಿಂದ ಒಮ್ಮೆ, ಆರೋಪದಿಂದ ಇನ್ನೊಮ್ಮೆ. ಬಹುಜನರ ಹಿತವೂ ಅಲ್ಪಸಂಖ್ಯಾತರ ಹಿತವೂ ಪರಸ್ಪರ ವಿರುದ್ಧವಲ್ಲ. ಗುಳಿಗೆಯನ್ನು ಕ್ರಮವಾಗಿ ಕೊಟ್ಟು ನೋಡಿದ ಹೊರತು ಯಾರು ಅದಕ್ಕೆ ಮಣಿಯದವರೆಂದು ತಿಳಿಯುವಂತಿಲ್ಲ. ಯಳಂದೂರಿನ ಪದ್ಧತಿಯೇ ಶಸ್ತ್ರಚಿಕಿತ್ಸೆಗೆ ಹೋಗುವ ದಾರಿಯ ಮೊದಲ ಮೆಟ್ಟಿಲು.

೬

ಭಯಕ್ಕೂ ಭರವಸೆಗೂ ಉತ್ತರವಾಗಬಲ್ಲ ಪ್ರಮಾಣವು ದೊರೆತದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. ಕೆನಡದ ಸ್ಯಾಮ್ಯುಅಲ್ ವೀಬ್ ಮತ್ತು ಸಂಗಡಿಗರು ಕಪಾಲದ ಪಕ್ಕದ ಭಾಗದಲ್ಲಿ ರೋಗಮೂಲವಿರುವ ೮೦ ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ಔಷಧವನ್ನೂ ನಿಯಮಿಸಿದರು. ೨೦೦೧ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದ ಕೊನೆಗೆ ಪ್ರಜ್ಞೆ ತಪ್ಪಿಸುವ ಸೆಳವುಗಳಿಂದ ಮುಕ್ತರಾದವರು ಮೊದಲ ಗುಂಪಿನಲ್ಲಿ ೫೮ ಪ್ರತಿಶತ, ಎರಡನೆಯದರಲ್ಲಿ ೮ ಪ್ರತಿಶತ. ಆ ಅವಧಿಯಲ್ಲಿ ಒಬ್ಬ ರೋಗಿ ತೀರಿಕೊಂಡನು. ಅವನು ಶಸ್ತ್ರದ ಗುಂಪಿನವನಲ್ಲ, ಔಷಧದ ಗುಂಪಿನವನು. ಕಾಯುವುದು ನಿರಪಾಯವೆಂಬ ನಂಬಿಕೆಗೆ ಇದೊಂದು ದೊಡ್ಡ ಪೆಟ್ಟು. ಹತೋಟಿಗೆ ಬಾರದ ಅಪಸ್ಮಾರದಲ್ಲಿ ಹಠಾತ್ ಮರಣದ ಅಪಾಯವಿರುವುದನ್ನು ವೈದ್ಯಶಾಸ್ತ್ರವು ಈಗ ಒಪ್ಪಿಕೊಂಡಿದೆ. ಬಾವಿಯ ಕಟ್ಟೆ, ಒಲೆಯ ಉರಿ, ಕೆರೆಯ ನೀರುಗಳ ಅಪಾಯವನ್ನು ನಮ್ಮ ಹಳ್ಳಿಗಳು ಮೊದಲಿನಿಂದಲೂ ಬಲ್ಲವು.

ಭಾರತದಲ್ಲಿಯೇ ಇಂಥ ಪ್ರಯೋಗ ನಡೆದುದು ಹೆಮ್ಮೆಯ ವಿಷಯ. ದೆಹಲಿಯ ಅಖಿಲ ಭಾರತ ಸಂಸ್ಥೆಯಲ್ಲಿ ಔಷಧಕ್ಕೆ ಮಣಿಯದ ರೋಗವುಳ್ಳ ೧೧೬ ಮಕ್ಕಳನ್ನು ಇದೇ ರೀತಿ ವಿಂಗಡಿಸಿ ನೋಡಿದಾಗ, ವರ್ಷದ ಕೊನೆಗೆ ಶಸ್ತ್ರಕ್ರಿಯೆಯಾದವರಲ್ಲಿ ೭೭ ಪ್ರತಿಶತವೂ ಔಷಧವನ್ನೇ ಮುಂದುವರಿಸಿದವರಲ್ಲಿ ೭ ಪ್ರತಿಶತವೂ ಸೆಳವಿನಿಂದ ಮುಕ್ತರಾದರೆಂದು ೨೦೧೭ರಲ್ಲಿ ವರದಿಯಾಯಿತು. ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಮೂರನೆಯ ಒಂದು ಪಾಲಿಗೆ ಕೈಕಾಲಿನ ದೌರ್ಬಲ್ಯವೇ ಮೊದಲಾದ ಗಂಭೀರ ತೊಂದರೆಗಳಾದುದನ್ನೂ ಅದೇ ವರದಿ ಮರೆಮಾಚದೆ ಹೇಳಿದೆ. ಅವುಗಳಲ್ಲಿ ಅನೇಕವು ಆಯಾ ಶಸ್ತ್ರಕ್ರಿಯೆಯಿಂದ ಮೊದಲೇ ನಿರೀಕ್ಷಿತವಾದುವು. ಕೃಚ್ಛ್ರಸಾಧ್ಯವೆಂಬ ಮಾತಿನ ಅರ್ಥವೇ ಇದು: ಸಾಧ್ಯ, ಆದರೆ ಬೆಲೆ ತೆರಬೇಕು. ಬೆಲೆ ತೆರುವುದೋ ಬೇಡವೋ ಎಂದು ಹೇಳತಕ್ಕವರು ಯಾರೆಂಬುದೇ ಮುಖ್ಯ ಪ್ರಶ್ನೆ.

ಪ್ರಮಾಣವು ದೊರೆತೊಡನೆ ಮನೋಭಾವ ಬದಲಾಯಿತೇ? ಇಲ್ಲವೆಂದೇ ಹೇಳಬೇಕು. ಅಮೆರಿಕದ ನರವೈದ್ಯರ ಅಕಾಡೆಮಿಯು ೨೦೦೩ರಲ್ಲಿಯೇ ಇಂಥ ರೋಗಿಗಳನ್ನು ಶಸ್ತ್ರಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಬೇಕೆಂದು ಸೂಚಿಸಿತ್ತು. ಆದರೆ ಲಾಸ್ ಏಂಜಲಿಸ್ ನಗರದ ಒಂದು ಕೇಂದ್ರವು ತನ್ನ ದಾಖಲೆಗಳನ್ನು ಪರಿಶೀಲಿಸಿದಾಗ, ರೋಗ ಆರಂಭವಾದಂದಿನಿಂದ ಕೇಂದ್ರಕ್ಕೆ ಬರುವವರೆಗಿನ ಅವಧಿ ಸೂಚನೆಗೆ ಮುನ್ನವೂ ಅನಂತರವೂ ಸರಾಸರಿ ಹದಿನೇಳು-ಹದಿನೆಂಟು ವರ್ಷಗಳಷ್ಟೇ ಇತ್ತು. ಅಮೆರಿಕದ ಮಿಷಿಗನ್ ಪ್ರಾಂತ, ಸ್ವೀಡನ್, ಇಟಲಿ, ಕೆನಡಗಳಲ್ಲಿ ನರವೈದ್ಯರನ್ನೇ ಪ್ರಶ್ನಿಸಿದ ಸಮೀಕ್ಷೆಗಳಿಂದ ತಿಳಿದುಬಂದುದೂ ಇದನ್ನೇ ಸಮರ್ಥಿಸುತ್ತದೆ: ಶಸ್ತ್ರವನ್ನು ಕೊನೆಯ ಉಪಾಯವೆಂದು ಎಣಿಸುವವರು, ಅದರ ಅಪಾಯವನ್ನು ಇದ್ದುದಕ್ಕಿಂತ ಹೆಚ್ಚಾಗಿ ಭಾವಿಸುವವರು, ಎರಡಕ್ಕಿಂತ ಹೆಚ್ಚು ಔಷಧಗಳನ್ನು ಪರೀಕ್ಷಿಸಿ ನೋಡಬೇಕೆನ್ನುವವರು ತಜ್ಞರಲ್ಲಿಯೇ ಅನೇಕರಿದ್ದಾರೆ. ಧನಿಕ ದೇಶಗಳ ತಜ್ಞರ ಸ್ಥಿತಿಯೇ ಹೀಗಿರುವಾಗ ನಮ್ಮ ತಾಲೂಕಿನ ವೈದ್ಯನೊಬ್ಬನನ್ನೇ ದೂರುವುದು ಸಲ್ಲದು.

೭

ಈಗ ಮತ್ತೆ ಕಿತ್ತೂರಿನತ್ತ ನೋಡೋಣ. ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ, ಧಾರವಾಡಕ್ಕೂ ಬೆಳಗಾವಿಗೂ ನಡುವೆ ಇರುವ ಈ ಊರು ಹಿಂದೆ ಬೈಲಹೊಂಗಲ ತಾಲೂಕಿಗೆ ಸೇರಿದ್ದು, ಈಗ ತಾನೇ ಒಂದು ತಾಲೂಕಿನ ಕೇಂದ್ರವಾಗಿದೆ. ಬೆಳಗಾವಿಯಲ್ಲಿಯೂ ಹುಬ್ಬಳ್ಳಿ-ಧಾರವಾಡಗಳಲ್ಲಿಯೂ ನರವೈದ್ಯರಿದ್ದಾರೆ. ಎಂ.ಆರ್.ಐ. ಯಂತ್ರಗಳಿವೆ. ಬೆಂಗಳೂರಿಗೆ ರಾತ್ರಿಯ ಬಸ್ಸು ಹತ್ತಿದರೆ ಬೆಳಗಿಗೆ ತಲುಪಬಹುದು. ೧೯೫೨ರಲ್ಲಿದ್ದ ಅಡ್ಡಿಗಳಲ್ಲಿ ಹಲವು ಇಂದು ಇಲ್ಲ. ಉಳಿದಿರುವ ದೊಡ್ಡ ಅಡ್ಡಿಯು ಒಂದು ಮಾತಿನದು: ಔಷಧಕ್ಕೆ ಮಣಿಯದ ರೋಗಿಗೆ ‘ಇನ್ನೊಂದು ದಾರಿ ಇದೆ, ಅದು ನಿನಗೆ ಒಗ್ಗುವುದೋ ಇಲ್ಲವೋ ಪರೀಕ್ಷಿಸಿಕೊಂಡು ಬಾ’ ಎಂದು ಯಾರೂ ಹೇಳದಿರುವುದು.

ಈ ಮಾತನ್ನು ಮೊದಲು ಹೇಳಬೇಕಾದವನು ನರಶಸ್ತ್ರವೈದ್ಯನಲ್ಲ. ಅವನ ಬಳಿಗೆ ರೋಗಿ ಇನ್ನೂ ಹೋಗಿಯೇ ಇರುವುದಿಲ್ಲ. ಹೇಳಬೇಕಾದವನು ದವಾಖಾನೆಯಲ್ಲಿ ತಿಂಗಳಿಗೊಮ್ಮೆ ಗುಳಿಗೆ ಬರೆದುಕೊಡುವ ವೈದ್ಯನು. ನಮ್ಮ ಕಡೆ ವೈದ್ಯನ ಮಾತಿಗೆ ಹಿರಿಯರ ಮಾತಿನಷ್ಟೇ ತೂಕವುಂಟು. ಅವನು ಎತ್ತದ ವಿಷಯವನ್ನು ರೋಗಿಯ ಮನೆಯವರು ತಾವಾಗಿ ಎತ್ತುವುದಿಲ್ಲ. ಬಡವರು, ದೂರ ಕಳಿಸಿದರೆ ಹೋಗಲಾರರು, ಹೆದರಿ ಗುಳಿಗೆಯನ್ನೂ ಬಿಟ್ಟಾರು ಎಂದು ಅವನು ಕರುಣೆಯಿಂದಲೇ ಸುಮ್ಮನಿರಬಹುದು. ಆದರೆ ಕರುಣೆಯಿಂದ ಸುಮ್ಮನಿದ್ದರೂ ಭಯದಿಂದ ಸುಮ್ಮನಿದ್ದರೂ ಪರಿಣಾಮ ಒಂದೇ. ಕಳುಹಿಸದಿರುವುದೂ ಒಂದು ಚಿಕಿತ್ಸಾನಿರ್ಣಯ; ಅದನ್ನು ರೋಗಿಯ ಪರವಾಗಿ, ರೋಗಿಗೆ ತಿಳಿಯದಂತೆ ವೈದ್ಯನೊಬ್ಬನೇ ತೆಗೆದುಕೊಂಡಂತಾಗುತ್ತದೆ.

ಎಲ್ಲ ರೋಗಿಗಳೂ ಶಸ್ತ್ರಕ್ಕೆ ಅರ್ಹರಲ್ಲವೆಂಬುದನ್ನು ಮರೆಯಬಾರದು. ರೋಗಮೂಲವು ಒಂದೇ ಕಡೆ ಇರದವರುಂಟು, ಇದ್ದರೂ ಮಾತಿನ ಅಥವಾ ಚಲನೆಯ ಕೇಂದ್ರದಲ್ಲಿ ಇರುವವರುಂಟು. ಪರೀಕ್ಷೆಗೆ ಹೋದವರಲ್ಲಿ ಹಲವರು ‘ಬೇಡ’ ಎಂಬ ಉತ್ತರದೊಡನೆ ಹಿಂದಿರುಗುವರು. ಆದರೆ ಪರೀಕ್ಷಿಸಿ ಬೇಡವೆನ್ನುವುದಕ್ಕೂ ಪರೀಕ್ಷಿಸದೆ ಬೇಡವೆಂದುಕೊಳ್ಳುವುದಕ್ಕೂ ಅಜಗಜಾಂತರವಿದೆ. ಔಷಧಕ್ಕೆ ಮಣಿಯದಿರುವುದು ಖಚಿತವಾದೊಡನೆ, ಎಪ್ಪತ್ತು ವರ್ಷದೊಳಗಿನ ರೋಗಿಗಳನ್ನೆಲ್ಲ ಪರಿಶೀಲನೆಗೆ ಕಳುಹಿಸುವುದೇ ಯುಕ್ತವೆಂದು ಅಂತರರಾಷ್ಟ್ರೀಯ ಸಂಘದ ಸಮಿತಿಯು ೨೦೨೨ರಲ್ಲಿ ಸಲಹೆ ಮಾಡಿರುವುದು ಈ ಅರ್ಥದಲ್ಲಿಯೇ.

ಒಟ್ಟಿನಲ್ಲಿ ಈ ಇತಿಹಾಸದಿಂದ ಕಂಡುಬರುವುದಿಷ್ಟು. ವೈದ್ಯರ ಹಿಂಜರಿಕೆ ಒಂದು ಕಾಲಕ್ಕೆ ವಿವೇಕವೇ ಆಗಿತ್ತು. ೧೯೫೩ರ ಅನಾಹುತವನ್ನು ಕಂಡವನು ಹೆದರಬೇಕಾದುದು ನ್ಯಾಯ. ಹೊಸ ಔಷಧಗಳ ಹೊಳೆಯೇ ಹರಿದಾಗ ಅವುಗಳನ್ನು ನಂಬಿದುದೂ ನ್ಯಾಯ. ವ್ಯವಸ್ಥೆಯಿಲ್ಲದ ಕಾಲದಲ್ಲಿ ರೋಗಿಯನ್ನು ಕಳುಹಿಸದಿದ್ದುದೂ ನ್ಯಾಯ. ಆದರೆ ಕಾರಣಗಳು ಅಳಿದರೂ ಅವುಗಳಿಂದ ಹುಟ್ಟಿದ ರೂಢಿ ಅಳಿಯಲಿಲ್ಲ. ಸಂಸ್ಥೆಗಳ, ಆಚಾರಗಳ ಇತಿಹಾಸದಲ್ಲಿ ಇಂಥ ಉದಾಹರಣೆಗಳನ್ನು ನಾವು ಎಷ್ಟೋ ಕಂಡಿದ್ದೇವೆ; ಇಲ್ಲಿಯ ವಿಶೇಷವೆಂದರೆ, ರೂಢಿಯ ಬೆಲೆಯನ್ನು ತೆರುತ್ತಿರುವವರು ಇಂದು ನಮ್ಮ ನಡುವೆಯೇ ಇದ್ದಾರೆ. ಹತ್ತನೆಯ ವಯಸ್ಸಿನಲ್ಲಿ ಆರಂಭವಾದ ರೋಗವನ್ನು ಇಪ್ಪತ್ತೆಂಟರಲ್ಲಿ ಪರಿಶೀಲಿಸಿದರೆ ಆ ಹದಿನೆಂಟು ವರ್ಷಗಳಲ್ಲಿ ಶಾಲೆ ಬಿಟ್ಟುದು, ಮದುವೆ ತಪ್ಪಿದುದು, ಕೆಲಸ ಹೋದುದು ಯಾವ ಶಸ್ತ್ರದಿಂದಲೂ ಮರಳಿ ಬಾರದು. ಬೇರೂರಿದ ಅಪಸ್ಮಾರವು ಅಸಾಧ್ಯವೆಂಬ ಚರಕನ ಮಾತು ಈ ಅರ್ಥದಲ್ಲಿ ಇಂದಿಗೂ ನಿಜ.

ಕಾಲೇಜುಗಳ ಅಧ್ಯಾಪಕರಿಗೆ ಇದರಲ್ಲಿ ಒಂದು ಪಾತ್ರವಿದೆಯೆಂದು ನಾವು ನಂಬುತ್ತೇವೆ. ತರಗತಿಯಲ್ಲಿ ಪದೇಪದೇ ಸೆಳವಿಗೊಳಗಾಗುವ ವಿದ್ಯಾರ್ಥಿಯನ್ನು ಮನೆಗೆ ಕಳಿಸಿ ಕೈತೊಳೆದುಕೊಳ್ಳುವುದು ಹೆಚ್ಚಿನ ಕಡೆಗಳಲ್ಲಿ ನಡೆದುಬಂದ ಪದ್ಧತಿ. ಎಷ್ಟು ಔಷಧಗಳನ್ನು ಪ್ರಯತ್ನಿಸಿ ನೋಡಲಾಗಿದೆ, ಎಷ್ಟು ವರ್ಷಗಳಿಂದ, ಮುಂದಿನ ಪರೀಕ್ಷೆಯ ಮಾತನ್ನು ವೈದ್ಯರು ಎತ್ತಿದ್ದಾರೆಯೇ ಎಂದು ಆ ವಿದ್ಯಾರ್ಥಿಯ ತಂದೆತಾಯಿಗಳನ್ನು ಗುಟ್ಟಾಗಿ, ಗೌರವದಿಂದ ಕೇಳುವುದು ಕಷ್ಟದ ಕೆಲಸವೇನಲ್ಲ. ಕೇಳಿದ ಪ್ರಶ್ನೆಯನ್ನು ಅವರು ವೈದ್ಯರ ಮುಂದಿಟ್ಟರೆ, ರೋಗವು ಕೃಚ್ಛ್ರಸಾಧ್ಯವೋ ಯಾಪ್ಯವೋ ಎಂಬ ನಿರ್ಣಯವು ರೂಢಿಯ ಕೈಯಿಂದ ಬಿಡುಗಡೆ ಹೊಂದಿ, ಅದು ಇರಬೇಕಾದ ಪರೀಕ್ಷೆಯ ಕೈಗೆ ಬರುತ್ತದೆ.